ಮುಗಿದ ಕೈಗಳ ಬಟನ್

ನಮ್ಮ ಮನೆಯವರ ಕಿಡ್ನಿ ಕೈಕೊಟ್ಟಾಗ ನಾನು ಹೆದರಿದ್ದು ಸೂಜಿಗೆ, ರಕ್ತಕ್ಕೆ, ಆ ಮಷಿನ್ನಿನ ಸದ್ದಿಗೆ. ಮೊಬೈಲಿಗೂ ಹೆದರಬೇಕಾಗುತ್ತದೆ ಅಂತ ಯಾವ ಡಾಕ್ಟರೂ ಹೇಳಿರಲಿಲ್ಲ.

ಹೊಸಪೇಟೆಯಲ್ಲಿ ಒಂದು ಟ್ರಸ್ಟಿನವರು ನಡೆಸುವ ಡಯಾಲಿಸಿಸ್ ಕೇಂದ್ರಕ್ಕೆ ನಾವು ಹೋಗುತ್ತೇವೆ. ತೋಳಿಗೆ ದಪ್ಪ ಸೂಜಿ ಚುಚ್ಚಿ, ಮೈಯಲ್ಲಿರುವ ರಕ್ತವನ್ನೆಲ್ಲ ಮಷಿನ್ನಿಗೆ ಹಾಯಿಸಿ, ತೊಳೆದು, ವಾಪಸು ಒಳಗೆ ಬಿಡುತ್ತಾರೆ. ವಾರದಲ್ಲಿ ಎರಡು ಮೂರು ಸಲ ಇದು ಆಗಲೇಬೇಕು. ಒಂದು ಸಲ ತಪ್ಪಿದರೆ ಪಾದ ಬಾತುಕೊಳ್ಳುತ್ತವೆ, ಇನ್ನೊಂದು ತಪ್ಪಿದರೆ ನೀರು ಎದೆಗೇರಿ ಉಸಿರು ಕಟ್ಟುತ್ತದೆ. ಅದರ ಮುಂದಿನದೂ ತಪ್ಪಿದರೆ ಏನಾಗುತ್ತದೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮಷಿನ್ನು ಕಡಿಮೆ, ಜನ ಹೆಚ್ಚು. ಸಂಡೂರಿನಿಂದ ಬರುತ್ತಾರೆ, ಕಂಪ್ಲಿಯಿಂದ ಬರುತ್ತಾರೆ, ಹಂಪಿ ಕಡೆಯವರೂ ಇದ್ದಾರೆ. ಅದಕ್ಕೇ ಅಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ಪಾಳಿ. ಕಾಲುವೆ ನೀರಿಗೆ ಪಾಳಿ ಇದ್ದ ಹಾಗೆಯೇ ಇದೂ. ನಿನ್ನ ಪಾಳಿಗೆ ನೀನಿರಬೇಕು, ಇಲ್ಲದಿದ್ದರೆ ಅದು ಮುಂದಿನವರ ಪಾಲು. ಕಾಯಂ ಪಾಳಿ ಸಿಗದವರು ಹೊರಗೆ ಬೆಂಚಿನ ಮೇಲೆ ಕೂತು, ಯಾರಾದರೂ ಬರದೇ ಹೋದರೆ ತಮಗೆ ಸಿಗಬಹುದು ಅಂತ ಕಾಯುತ್ತಾರೆ.

ಮೊದಲೆಲ್ಲ ಹಿಂದಿನ ದಿನ ಅಲ್ಲಿಯ ಸಿಸ್ಟರ್ ಫೋನ್ ಮಾಡುತ್ತಿದ್ದಳು. “ಅಜ್ಜಾರ, ನಾಳೆ ಬರ್ತೀರಿಲ್ಲ?” “ಬರ್ತೀನವ್ವ.” ಅಷ್ಟೇ, ಕೆಲಸ ಮುಗಿಯಿತು. ಎಲ್ಲರಿಗೂ ಫೋನ್ ಮಾಡಿ ಮಾಡಿ ಅವಳಿಗೂ ಸಾಕಾಗುತ್ತದೆ ಅಂತ ಟ್ರಸ್ಟಿನವರು ಒಂದು ಆ್ಯಪ್ ಮಾಡಿಸಿದರು. ಬರುವವರು ಬರುತ್ತೇನೆ ಅಂತ ಹಿಂದಿನ ದಿನವೇ ಅದರಲ್ಲಿ ಬಟನ್ ಒತ್ತಬೇಕು. ಓದು ಬಾರದವರಿಗೂ ತಿಳಿಯಲಿ ಅಂತ ಅಕ್ಷರವೇ ಇಲ್ಲ, ಬರೀ ಚಿತ್ರ. ಆ ಚಿತ್ರಗಳಾದರೂ ಎಂಥವು? ನಾವು ವಾಟ್ಸಾಪಿನಲ್ಲಿ ಬೆಳಗಾದರೆ ಒಬ್ಬರಿಗೊಬ್ಬರು ಎಸೆದಾಡುವ ಅವೇ ಎಮೋಜಿಗಳು. ಬಟನ್ನಿಗೆ ಅಂತ ಬೇರೆ ಗುರುತು ಬರೆಸದೆ ಅವನ್ನೇ ತಂದು ಕೂರಿಸಿದ್ದರು.

ನಾನು ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಒಂದು ಸಣ್ಣ ಡಿಟಿಪಿ ಅಂಗಡಿ ಇಟ್ಟವಳು. ಲಗ್ನಪತ್ರಿಕೆ, ತೊಟ್ಟಿಲು ಕಾರ್ಯಕ್ರಮದ ಕಾರ್ಡು, ಸತ್ತವರ ಹೆಸರಿನ ಶಿವಗಣಾರಾಧನೆಯ ಕಾರ್ಡು ಇವೇ ನನ್ನ ಅನ್ನ. ತೀರಿಹೋದವರ ಕಾರ್ಡಿನ ಮೇಲೆ ಓಲಗದವನ ಚಿತ್ರ ಬಂದರೆ ಗಿರಾಕಿ ನನ್ನ ಅಂಗಡಿಗೆ ಬೀಗ ಜಡಿಸುತ್ತಾನೆ. ಹಾಗಾಗಿ ಯಾವ ಚಿತ್ರ ಎಲ್ಲಿ ಕೂರಬೇಕು ಅನ್ನುವುದು ನನಗೆ ಹೊಸದಲ್ಲ. ಅಂಥ ನಾನೇ ಆ ಆ್ಯಪ್ ನೋಡಿ, “ಮಸ್ತ್ ಐತಲ್ರೀ, ನೋಡ್ರಿ ಎಷ್ಟ್ ಚೆಂದ” ಅಂದೆ.

ನನ್ನ ಮೊಬೈಲಿನಲ್ಲಿ ಒಂದು ಬಟನ್ನಿನ ಮೇಲೆ ಕುರ್ಚಿ, ಇನ್ನೊಂದರ ಮೇಲೆ ಮುಗಿದ ಕೈ ಕಾಣುತ್ತಿದ್ದವು. ಬರುವವರು ಕುರ್ಚಿ ಒತ್ತಬೇಕು ಅಂತ ಹೇಳಿಕೊಟ್ಟಿದ್ದರು. ನಮ್ಮವರದು ಓಬೀರಾಯನ ಕಾಲದ ಮೊಬೈಲು. ಅದರಲ್ಲಿ ಕುರ್ಚಿಯೇ ಮೂಡಲಿಲ್ಲ, ಆ ಜಾಗದಲ್ಲಿ ಒಂದು ಖಾಲಿ ಡಬ್ಬಿ. “ಆ ಖಾಲಿ ಡಬ್ಬಿ ಐತಲ್ಲ, ಅದ ಕುರ್ಚಿ ಅಂತ ತಿಳ್ಕೊಂಡು ಒತ್ರಿ” ಅಂದೆ. ಮುಗಿದ ಕೈ ಮಾತ್ರ ಹಳದಿ ಬಣ್ಣದಲ್ಲಿ ಎದ್ದು ಕಾಣುತ್ತಿತ್ತು. ಅದು ಏತಕ್ಕೆ ಅಂತ ನಾನು ಕೇಳಲಿಲ್ಲ. ಮುಗಿದ ಕೈ ಕಂಡರೆ ಇದೇನು ಅಂತ ಯಾರಾದರೂ ಕೇಳುತ್ತಾರೆಯೇ?

ಕೆಲವು ಸಲ ನಾನೇ ಒತ್ತುತ್ತಿದ್ದೆ. ಅಂಗಡಿಯಲ್ಲಿ ಗಿರಾಕಿಗಳು ತಲೆಯ ಮೇಲೆ ಕೂತ ದಿನ ಅವರೇ ಒತ್ತಿಕೊಳ್ಳುತ್ತಿದ್ದರು. ಮದುವೆ ಸೀಸನ್ ಶುರುವಾದ ಮೇಲೆ ಒಂದು ದಿನ, ಎಂದಿನಂತೆ ಆಟೊ ಮಾಡಿಕೊಂಡು ಕೇಂದ್ರಕ್ಕೆ ಹೋದರೆ ಸಿಸ್ಟರ್ ನಮ್ಮನ್ನು ನೋಡಿ ಗಾಬರಿಯಾದಳು.

“ಅಕ್ಕಾರ, ನೀವ್ಯಾಕ ಬಂದ್ರಿ? ಇವತ್ತ ಅಜ್ಜಾರ ಪಾಳಿ ಬಿಟ್ಟಾರಲ್ಲ.”

“ಯಾರ್ ಬಿಟ್ಟಾರ? ನಾವ್ಯಾಕ ಬಿಡಾಣವ್ವ?”

“ಆ್ಯಪಿನ್ಯಾಗ ಬಂದೈತ್ರಿ. ಬಿಟ್ಟಾರಂತ ಬಂದ ಕೂಡ್ಲೆ ಅದು ಕಾಯಾಕತ್ತವ್ರಿಗೆ ತಾನ ಹೋಗಿಬಿಡ್ತೈತಿ. ನನ್ ಕೈಯಾಗ ಏನೂ ಇಲ್ರಿ.”

ಒಳಗೆ ನಮ್ಮವರ ಹಾಸಿಗೆಯಲ್ಲಿ ತಲೆ ತುಂಬ ಸೆರಗು ಹೊದ್ದುಕೊಂಡ ಒಬ್ಬ ಬಡಕಲು ಹೆಣ್ಣುಮಗಳು ಮಲಗಿದ್ದಳು. ಕಂಪ್ಲಿಯವಳಂತೆ. ನನ್ನ ಮೈಯೆಲ್ಲ ಉರಿದುಹೋಯಿತು. ಸಿಸ್ಟರಿಗೂ ಬೈದೆ, ಟ್ರಸ್ಟಿಗೂ ಬೈದೆ, ಆ ಹೆಣ್ಣುಮಗಳನ್ನೂ ಕೆಕ್ಕರಿಸಿ ನೋಡಿದೆ. ಬೈದರೆ ಮಷಿನ್ನು ಹುಟ್ಟುತ್ತದೆಯೇ? ವಾಪಸು ಬಂದೆವು. ಸಂಜೆಗೆಲ್ಲ ಅವರ ಪಾದ ಊದಿ ಒತ್ತಿದಲ್ಲಿ ಕುಳಿ ಬೀಳತೊಡಗಿತು.

ಅದಾಗಿ ಒಂದೆರಡು ವಾರಕ್ಕೆ ಮತ್ತೆ ಅದೇ ಕಥೆ. ಆ ಸಲ ಅವರಿಗೆ ಮಲಗಲಿಕ್ಕೇ ಆಗಲಿಲ್ಲ. ಮಂಚದ ಮೇಲೆ ದಿಂಬು ಪೇರಿಸಿಕೊಂಡು ಕೂತು, ಬಾಯಿ ತೆರೆದು ಗಾಳಿ ಎಳೆಯುತ್ತಿದ್ದರು. ಪುಣ್ಯಕ್ಕೆ ಸಿಸ್ಟರ್ ಡಾಕ್ಟರಿಗೆ ದುಂಬಾಲು ಬಿದ್ದು, ತನ್ನ ಡ್ಯೂಟಿ ಮುಗಿದ ಮೇಲೂ ನಿಂತು, ಕಡೆಯ ಪಾಳಿಯ ಹಿಂದೆ ಇವರನ್ನು ಹಾಕಿದಳು. “ದಿನಾ ಹಿಂಗ ಮಾಡಾಕ ಬರಂಗಿಲ್ರಿ ಅಕ್ಕಾರ. ನೋಡ್ಕೊಂಡು ಒತ್ರಿ” ಅಂದಳು. ನೋಡಿಕೊಂಡು ಅಂದರೆ ಏನನ್ನು ನೋಡಿಕೊಳ್ಳುವುದು? ನಮ್ಮವರಂತೂ “ನಾ ಡಬ್ಬಿ ಒತ್ತೀನಿ, ದೇವರಾಣೆ ಒತ್ತೀನಿ” ಅಂತ ಸಣ್ಣ ಮಕ್ಕಳ ಹಾಗೆ ಆಣೆ ಹಾಕುತ್ತಿದ್ದರು.

ಮುಂದಿನ ಸಲ ಗಿರಾಕಿಗಳಿಗೆ ಕಾಯಿರಿ ಅಂತ ಹೇಳಿ ಮನೆಗೆ ಬಂದು ಬಾಗಿಲಲ್ಲೇ ನಿಂತೆ. ಅವರು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಮೊಬೈಲು ಕೈಗೆತ್ತಿಕೊಂಡರು. ಆ್ಯಪ್ ತೆರೆದರು. ಹೆಬ್ಬೆರಳಿನಿಂದ ಆ ಮುಗಿದ ಕೈಯನ್ನು ಮೆಲ್ಲಗೆ ಮುಟ್ಟಿದರು, ಮುಟ್ಟಿದ ಬೆರಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು. ಪರದೆಯ ತುಂಬ ಒಂದು ದುಂಡು ಹಳದಿ ಮುಖ ಬಂದು ನಕ್ಕಿತು. ಅದನ್ನು ನೋಡಿ ಇವರೂ ನಕ್ಕು, ಆಮೇಲೆ ಖಾಲಿ ಡಬ್ಬಿಯನ್ನು ಒತ್ತಿದರು. ಡಬ್ಬಿ ಮಿಸುಕಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಒತ್ತಿ, ಮೊಬೈಲು ಕೆಳಗಿಟ್ಟರು.

“ಏನ್ರೀ ಮಾಡಿದ್ರಿ ಈಗ?”

“ಏನ್ ಮಾಡ್ದೆ? ಕೈ ಮುಗದೆ.”

“ಆ ಬಟನ್ ಯಾಕ್ ಒತ್ತಿದ್ರಿ ಅಂತೀನಿ!”

“ಲೇ, ಕೈ ಮುಗೀದಂಗ ಯಾವ್ ಕೆಲ್ಸ ಶುರು ಮಾಡ್ತಾರ? ಅವ್ರ ಮೊದ್ಲ ಕೈ ಮುಗಿಯಾಕ ಅಂತ ಇಟ್ಟಾರ. ಮುಗದ್ರ ಆ ದುಂಡ್ ಮುಖದಾತಗ ಖುಷಿ ಆಗ್ತೈತಿ, ನಗ್ತಾನ, ನೋಡಿಲ್ಲೇನ್ ನೀ?”

ಹಣೆ ಹಣೆ ಚಚ್ಚಿಕೊಂಡೆ. ಆದರೆ ಅವರನ್ನು ಏನಂತ ಬೈಯಲಿ? ದೋಣಿಮಲೈ ಗಣಿಯಲ್ಲಿ ಡಂಪರ್ ಓಡಿಸಿದ ಮನುಷ್ಯ. ಶಿಫ್ಟಿಗೆ ಹೋದಾಗ ಮೊದಲು ಡಂಪರಿನ ಮೆಟ್ಟಿಲು ಮುಟ್ಟಿ ಕಣ್ಣಿಗೊತ್ತಿಕೊಂಡೇ ಮೇಲೆ ಹತ್ತುತ್ತಿದ್ದವರು. ಅವರೊಬ್ಬರೇ ಏನು, ನಾನೂ ಬೆಳಗ್ಗೆ ಅಂಗಡಿ ಬಾಗಿಲು ತೆಗೆದು ಕೀಬೋರ್ಡು ಮುಟ್ಟಿ ನಮಸ್ಕಾರ ಮಾಡದೆ ಒಂದಕ್ಷರ ಹೊಡೆಯುವವಳಲ್ಲ. ನಮ್ಮ ಕಡೆ ತಕ್ಕಡಿಗೆ ಕೈ ಮುಗಿಯುತ್ತಾರೆ, ಹೊಲಿಗೆ ಮಷಿನ್ನಿಗೆ ಮುಗಿಯುತ್ತಾರೆ, ಆಟೊದ ಹ್ಯಾಂಡಲ್ಲಿಗೆ ಮುಗಿಯುತ್ತಾರೆ. ಕೇಂದ್ರದಲ್ಲಿ ಸೂಜಿ ಚುಚ್ಚುವ ಮೊದಲು ನಮ್ಮವರು ಡಯಾಲಿಸಿಸ್ ಮಷಿನ್ನಿಗೂ ಮುಗಿಯುತ್ತಾರೆ. ಹೀಗಿರುವಾಗ ಮುಗಿದ ಕೈಯನ್ನೇ ಎದುರಿಗೆ ತಂದಿಟ್ಟರೆ ಮುಟ್ಟದೆ ಬಿಡುತ್ತಾರೆಯೇ?

ಸಿಸ್ಟರಿಗೆ ಫೋನ್ ಹಚ್ಚಿದೆ. “ಹೂನ್ರಿ ಅಕ್ಕಾರ, ಈಗಿನ್ನ ಬಿಟ್ರು ನೋಡ್ರಿ. ಕಂಪ್ಲಿಯಾಕಿಗೆ ಹೋತು” ಅಂದಳು. ವಾಪಸು ತೆಗೆದುಕೊಳ್ಳಲಿಕ್ಕೆ ಬರುತ್ತದೆಯೇ ಅಂದೆ. ಬರುವುದಿಲ್ಲವಂತೆ. ಮುಗಿದ ಕೈ ಅಂದರೆ “ಈ ಸಲ ನಾನು ಬರುವುದಿಲ್ಲ” ಅಂತ ನನ್ನ ಹಾಗೆ ಅವಳಿಗೂ ಆವತ್ತೇ ತಿಳಿಯಿತು. ಅವಳ ಕಂಪ್ಯೂಟರಿನಲ್ಲಿ ಬರೀ ಹೆಸರು ಕೆಂಪಾಗಿ ಕಾಣುತ್ತಿತ್ತಂತೆ.

ಆ ಪಾಳಿ ತಪ್ಪಿದ ಮರುದಿನವೇ ನಾನು ತುಂಗಭದ್ರಾ ಡ್ಯಾಮಿಗೆ ಹೋಗುವ ಬಸ್ಸು ಹತ್ತಿದೆ. ಆ್ಯಪ್ ಮಾಡಿದವರು ಅಲ್ಲಿದ್ದಾರೆ ಅಂತ ಸಿಸ್ಟರ್ ಹೇಳಿದ್ದಳು. ದಾರಿಯುದ್ದಕ್ಕೂ ಏನೇನು ಬೈಯಬೇಕು ಅಂತ ಜೋಡಿಸಿಕೊಂಡಿದ್ದೆ. ಕಾಲುವೆ ಆಫೀಸಿನವರ ಕ್ವಾರ್ಟರ್ಸಿನಲ್ಲಿ ಬಾಗಿಲು ತೆಗೆದದ್ದು ಒಬ್ಬ ಹುಡುಗಿ. ಮನೆಯಲ್ಲೇ ಕೂತು ಯಾವುದೋ ಕಂಪನಿಯ ಕೆಲಸ ಮಾಡುತ್ತಾಳೆ. ಅವಳ ಸೋದರಮಾವ ಇದೇ ಕೇಂದ್ರದಲ್ಲಿ ಡಯಾಲಿಸಿಸ್ ಮಾಡಿಸಿಕೊಂಡು ತೀರಿಹೋದವರಂತೆ. ಅವರ ನೆನಪಿಗೆ ಅಂತ ಪುಕ್ಕಟೆ ಮಾಡಿಕೊಟ್ಟ ಆ್ಯಪ್ ಇದು. ಇಷ್ಟು ಕೇಳುವ ಹೊತ್ತಿಗೆ ನಾನು ಜೋಡಿಸಿಕೊಂಡು ಬಂದ ಬೈಗುಳದಲ್ಲಿ ಅರ್ಧ ಕರಗಿತು.

“ಅಲ್ಲವ್ವಾ, ಬರಂಗಿಲ್ಲ ಅನ್ನಾಕ ಕೈ ಮುಗಿಯೋ ಚಿತ್ರ ಹಾಕ್ತಾರೇನು?” ಅಂದೆ.

“ಪಂಕ್ತಿಯೊಳಗ ಇನ್ನೊಂದು ಹೋಳಿಗಿ ಹಾಕಾಕ ಬಂದ್ರ ಸಾಕ್ರಿ ಅಂತ ಕೈ ಮುಗೀತೀವಲ್ಲ ಆಂಟಿ, ಹಂಗ ಅನ್ಕೊಂಡೆ” ಅಂದಳು. “ಕೆಂಪು ಗುಣಾಕಾರದ ಗುರುತು ಹಾಕಿದ್ರ ರೋಗಿಗಳಿಗೆ ಅಪಶಕುನ ಅನ್ನಿಸ್ತೈತಿ ಅಂತ ಬಿಟ್ಟೆ.”

“ಮತ್ತ ಆ ನಗೋ ಮುಖ?”

“ಪಾಳಿ ಬಿಟ್ಟವ್ರಿಗೆ ಬ್ಯಾಸರ ಆಗಬಾರ್ದಂತ ಆಂಟಿ. ಇನ್ನೊಬ್ರಿಗೆ ಬಿಟ್ಟುಕೊಟ್ಟಾರಲ್ಲ.”

ಅವಳು ಅಂದದ್ದೂ ಸುಳ್ಳಲ್ಲ. ಪಂಕ್ತಿಯಲ್ಲಿ ನಾವೆಲ್ಲ ಹಾಗೆಯೇ ಕೈ ಮುಗಿಯುತ್ತೇವೆ. ಕುರ್ಚಿಯ ವಿಷಯವನ್ನೂ ಅವಳೇ ತಿಳಿಸಿ ಹೇಳಿದಳು. ಬಟನ್ನಿನ ಗುರುತುಗಳನ್ನು ಒಂದೊಂದಾಗಿ ಬರೆದು ಆ್ಯಪಿನೊಳಗೇ ಇಟ್ಟರೆ ಎಲ್ಲರ ಮೊಬೈಲಿನಲ್ಲೂ ಒಂದೇ ಥರ ಕಾಣುತ್ತವೆ, ಆದರೆ ಅದಕ್ಕೆ ಚಿತ್ರ ಬರೆಯುವವರು ಬೇಕು. ಎಮೋಜಿಯಾದರೆ ಆಯಾ ಮೊಬೈಲಿನಲ್ಲೇ ತಯಾರಿರುತ್ತದೆ, ಸುಮ್ಮನೆ ಕರೆದರೆ ಸಾಕು. ಹಳೆಯ ಮೊಬೈಲಿನಲ್ಲಿ ಆ ಕುರ್ಚಿ ಇರುವುದೇ ಇಲ್ಲ, ಹಾಗಾಗಿ ಡಬ್ಬಿ. ಅವಳ ಮೊಬೈಲು ಹೊಸದು, ಅವಳಿಗೆ ಎಲ್ಲ ಚೆನ್ನಾಗಿಯೇ ಕಂಡಿತ್ತು.

ಮಾತಾಡುತ್ತಲೇ ಅವಳು ಕಂಪ್ಯೂಟರಿನಲ್ಲಿ ಯಾರು ಯಾವ ಬಟನ್ ಒತ್ತಿದ್ದಾರೆ ಅಂತ ತೆಗೆದು ನೋಡಿದಳು. ನೋಡನೋಡುತ್ತ ಅವಳ ಮುಖ ಸಣ್ಣದಾಯಿತು. ಕೈ ಮುಗಿದವರು ನಮ್ಮವರೊಬ್ಬರೇ ಅಲ್ಲ. ಹಂಪಿಯಲ್ಲಿ ಗುಡಿ ಮುಂದೆ ತೆಂಗಿನಕಾಯಿ ಮಾರುತ್ತಿದ್ದ ಒಬ್ಬ ಮುದುಕ, ಸಂಡೂರಿನ ಇಬ್ಬರು, ಇನ್ನೂ ಯಾರ್ಯಾರೋ. ಎಲ್ಲರದೂ ಅದೇ ರೀತಿ. ಮೊದಲು ಮುಗಿದ ಕೈ, ಆಮೇಲೆ ಡಬ್ಬಿ, ಮತ್ತೆ ಡಬ್ಬಿ, ಮತ್ತೆ ಡಬ್ಬಿ. ಹುಡುಗಿ ಕಣ್ಣೊರೆಸಿಕೊಂಡಳು. ನಾನು ಬೈಯಲಿಕ್ಕೆ ಹೋದವಳು ಅವಳ ಬೆನ್ನು ಸವರಿ, ಅವರಮ್ಮ ಕೊಟ್ಟ ಚಹಾ ಕುಡಿದು ಬಂದೆ.

ಎರಡು ದಿನದಲ್ಲಿ ಅವಳು ಎಲ್ಲ ಬದಲಿಸಿದಳು. ಈಗ ಎಮೋಜಿ ಒಂದೂ ಇಲ್ಲ. ಹಸಿರು ಬಟನ್ನಿನ ಮೇಲೆ ಅವಳೇ ಬರೆದ ಹಾಸಿಗೆಯ ಚಿತ್ರ, ಕೆಳಗೆ ದಪ್ಪ ಕನ್ನಡದಲ್ಲಿ “ಬರುತ್ತೇನೆ”. ಇನ್ನೊಂದರ ಮೇಲೆ “ಪಾಳಿ ಬಿಡುತ್ತೇನೆ”. ಅದನ್ನು ಒತ್ತಿದರೆ ನಿಜವಾಗಿಯೂ ಬಿಡುತ್ತೀರಾ ಅಂತ ಅವಳದೇ ದನಿ ಕೇಳುತ್ತದೆ. ನಮ್ಮವರು ಮಾತ್ರ “ಕೈ ಯಾಕ ತಗದ್ಲು? ಚೆಂದ ಇತ್ತಲ್ಲ” ಅಂತ ಗೊಣಗಿದರು. ಈಗ ಮೊಬೈಲಿನ ಹಿಂದಿನ ಕವರಿಗೆ ನಮಸ್ಕಾರ ಮಾಡಿ ಶುರು ಮಾಡುತ್ತಾರೆ. ಮಾಡಿಕೊಳ್ಳಲಿ, ಅಲ್ಲಿ ಬಟನ್ ಇಲ್ಲ.

ಆಮೇಲೆ ಅವರ ಒಂದು ಪಾಳಿಯೂ ತಪ್ಪಲಿಲ್ಲ. ಪಾದದ ಬಾವು ಇಳಿಯಿತು, ಊಟ ಸೇರತೊಡಗಿತು, ನನ್ನ ಮೇಲೆ ರೇಗುವಷ್ಟು ಶಕ್ತಿಯೂ ಬಂತು. ನನಗೆ ಗೆದ್ದೆ ಅನ್ನಿಸಿತ್ತು, ಸುಳ್ಳೇಕೆ ಹೇಳಲಿ. ಅಂಗಡಿಗೆ ಬಂದವರಿಗೆಲ್ಲ ಈ ಕಥೆ ಹೇಳಿದ್ದೇ ಹೇಳಿದ್ದು.

ಹಾಗೆ ನಡೆದಿರುವಾಗ ಒಂದು ದಿನ ಅವರನ್ನು ಒಳಗೆ ಬಿಟ್ಟು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲಿ ಆ ಕಂಪ್ಲಿಯ ಹೆಣ್ಣುಮಗಳು ಬಂದು ಕೂತಳು. ಗದ್ದೆ ಕೆಲಸಕ್ಕೆ ಹೋಗುತ್ತಿದ್ದವಳು, ಗಂಡ ಅಕ್ಕಿ ಗಿರಣಿಯಲ್ಲಿ ಹಮಾಲಿ. ಚಪ್ಪಲಿಯನ್ನು ಕಾಲಿಗೆ ಹಾಕಿರಲಿಲ್ಲ, ಕೈಯಲ್ಲಿ ಹಿಡಿದಿದ್ದಳು. ಪಾದ ನೋಡಿದೆ. ಯಾವ ಚಪ್ಪಲಿಯೂ ಹಿಡಿಸದಷ್ಟು ಊದಿದ್ದವು.

“ಅಕ್ಕಾರ, ನಿಮಗ ಇದೆಲ್ಲ ತಿಳೀತೈತಿ ಅಂತ ಸಿಸ್ಟರ್ ಅಂದ್ರು. ನನ್ ಫೋನ್ ಒಂಚೂರು ನೋಡ್ತೀರೇನ್ರಿ?” ಅಂತ ಮೊಬೈಲು ಚಾಚಿದಳು. “ಮೊದ್ಲ ಇದ್ರಾಗ ಮುಗದ ಕೈ ಬರ್ತಿದ್ವು. ಬಂತು ಅಂದ್ರ ನನಗ ಪಾಳಿ ಸಿಕ್ತು ಅಂತ ತಿಳ್ಕೊಂಡು ಬಸ್ಸಿಗೆ ಹೊಂಟ್ಬಿಡ್ತಿದ್ದೆ. ಈಗ ಬರವಲ್ವು. ಫೋನ್ ಕೆಟ್ಟೈತೇನ್ರಿ?”

ಯಾರಾದರೂ ಪಾಳಿ ಬಿಟ್ಟರೆ ಅದೇ ಎಮೋಜಿ ಕಾಯುತ್ತಿದ್ದವರ ಮೊಬೈಲಿಗೆ ಹೋಗುತ್ತಿತ್ತು ಅಂತ ನನಗೆ ಆಗ ತಿಳಿಯಿತು. ಅವಳ ಮೊಬೈಲು ತಿರುಗಿಸಿ ಮುರುಗಿಸಿ ನೋಡಿದೆ. ಅದಕ್ಕೇನೂ ಆಗಿರಲಿಲ್ಲ, ಪಾಳಿ ಬಿಡುವವರೇ ಈಗ ಇರಲಿಲ್ಲ.

ಮುಚ್ಚಿಡಲಿಕ್ಕೆ ಆಗಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಮ್ಮವರು ಕೈ ಮುಗಿದದ್ದು, ಮುದುಕರೆಲ್ಲ ಕೈ ಮುಗಿದದ್ದು, ಅವರ ಪಾಳಿ ಅವರಿಗೇ ತಿಳಿಯದೆ ಜಾರಿಹೋದದ್ದು, ನಾನು ಡ್ಯಾಮಿಗೆ ಹೋಗಿ ಆ ಚಿತ್ರ ತೆಗೆಸಿದ್ದು. ಅವಳು ಬೈಯಲಿ ಅಂತ ಕಾದೆ. ಬೈದಿದ್ದರೆ ನಾನೂ ತಿರುಗಿಸಿ ಬೈಯುತ್ತಿದ್ದೆ, ಇಬ್ಬರಿಗೂ ಹಗುರಾಗುತ್ತಿತ್ತು.

“ಹೌದೇನ್ರಿ” ಅಂದಳು. ಮೊಬೈಲನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. “ಹಂಗಾದ್ರ ಅವು ನಿಮ್ಮವಿದ್ವು. ದೇವ್ರು ಕೊಡಾಕತ್ಯಾನ ಅನ್ಕೊಂಡಿದ್ದೆ ನಾನು. ಛಲೋ ಆತು ಬಿಡ್ರಿ ಅಕ್ಕಾರ, ಹಿರೇರು ಆರಾಮಾದ್ರಲ್ಲ.”

ನನಗೆ ನೆಲದೊಳಗೆ ಇಳಿದುಹೋಗೋಣ ಅನ್ನಿಸಿತು. ನಾನೇನು ತಪ್ಪು ಮಾಡಿದೆ ಅಂತ ಹುಡುಕಿದರೆ ತಪ್ಪೂ ಕಾಣಲಿಲ್ಲ. ನನ್ನ ಗಂಡನ ಪಾಳಿ ನನ್ನ ಗಂಡನಿಗೆ ಸಿಗಬೇಕಾದದ್ದೇ. ಒಳಗೆ ಹೋಗಿ ಸಿಸ್ಟರನ್ನು ಕೇಳಿದೆ, ಈಕೆಗೆ ಕಾಯಂ ಪಾಳಿ ಯಾವಾಗ ಕೊಡುತ್ತೀರಿ ಅಂತ. “ಯಾರದಾರ ಖಾಲಿ ಆದ್ರ ಕೊಡ್ತೀವ್ರಿ” ಅಂದಳು. ಖಾಲಿಯಾಗುವುದು ಅಂದರೇನು ಅಂತ ಅಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ. ಡ್ಯಾಮಿನ ಹುಡುಗಿಗೆ ಫೋನ್ ಮಾಡಿದೆ, ಪಾಪ, ಅವಳು ಮತ್ತೆ ಅತ್ತಳು. ಮಷಿನ್ನೇ ಸಾಲದೆ ಇರುವಾಗ ಅವಳು ಯಾವ ಬಟನ್ ಮಾಡಿಯಾಳು?

ಅಂದಿನಿಂದ ಪ್ರತಿ ಸಲವೂ ನಾವಿಬ್ಬರೂ ಅದೇ ಬೆಂಚಿನ ಮೇಲೆ ಕೂಡುತ್ತೇವೆ. ನಾನು ರೊಟ್ಟಿ ಕಟ್ಟಿಕೊಂಡು ಹೋಗುತ್ತೇನೆ, ಉಪ್ಪಿಲ್ಲದ ಪಲ್ಯ. ಅವಳು ಅರ್ಧ ತಿನ್ನುತ್ತಾಳೆ. ಅವಳಿಗೆ ಇವತ್ತಾದರೂ ಸಿಗಲಿ ಅಂತ ಬೇಡಿಕೊಳ್ಳಲಿಕ್ಕೆ ಹೋಗಿ ನಡುವೆ ನಿಲ್ಲಿಸಿಬಿಡುತ್ತೇನೆ. ಅವಳಿಗೆ ಸಿಗಬೇಕೆಂದರೆ ಇನ್ನೊಬ್ಬರು ಬರಬಾರದು. ಬಾರದಿರಲಿಕ್ಕೆ ಅವರಿಗೆ ಏನಾಗಲಿ ಅಂತ ಬೇಡಲಿ?

ಮೊನ್ನೆ ಅವಳಿಗೆ ಕೂರಲಿಕ್ಕೂ ಆಗುತ್ತಿರಲಿಲ್ಲ. ನನ್ನ ಹೆಗಲಿಗೆ ಒರಗಿಕೊಂಡು, ಬಾಯಿ ತೆರೆದು ಉಸಿರೆಳೆಯುತ್ತಿದ್ದಳು. ಆ ಸದ್ದು ನನಗೆ ಗೊತ್ತು. ಪಾಳಿಯವರೆಲ್ಲ ಒಬ್ಬೊಬ್ಬರೇ ಬಂದು ಒಳಗೆ ಹೋದರು. ಒಂದು ಹಾಸಿಗೆ ಮಾತ್ರ ಹಾಗೇ ಉಳಿಯಿತು. ಸಿಸ್ಟರ್ ಎರಡು ಮೂರು ಸಲ ಹೊರಗೆ ಬಂದು ರಸ್ತೆ ನೋಡಿದಳು, ಫೋನ್ ಕಿವಿಗೆ ಹಿಡಿದುಕೊಂಡೇ ಓಡಾಡಿದಳು. ಕಡೆಗೆ ಬಾಗಿಲಲ್ಲಿ ನಿಂತು ಇವಳನ್ನು ಕರೆದಳು.

“ಬಾರವ್ವ, ಒಳಗ ಬಾ. ಸಂಡೂರಿನವ್ರು ಬಂದಿಲ್ಲ. ಬರ್ತೀನಂತ ನಿನ್ನೆ ಒತ್ಯಾರ, ಈಗ ಮನ್ಯಾಗ ಯಾರೂ ಫೋನ್ ಎತ್ತವಲ್ರು.”

ಅವಳು ಧಡಕ್ಕನೆ ಎದ್ದಳು. ಆ ಊದಿದ ಕಾಲಲ್ಲಿ ಅಷ್ಟು ಜೋರಾಗಿ ಹೇಗೆ ಎದ್ದಳೋ. ಮುಖ ಅರಳಿತ್ತು. ನಾಲ್ಕು ಹೆಜ್ಜೆ ಹೋದವಳು ನಿಂತುಬಿಟ್ಟಳು. ತಿರುಗಿ ನನ್ನನ್ನು ನೋಡಿದಳು.

“ಅಕ್ಕಾರ, ಅವ್ರಿಗೇನೂ ಆಗಿರಂಗಿಲ್ಲ, ಅಲ್ರಿ?”

“ಏನೂ ಆಗಿಲ್ಲವ್ವ. ಬಸ್ ತಪ್ಪಿರಬೇಕು. ನೀ ಹೋಗು, ಜಲ್ದಿ ಹೋಗು” ಅಂದೆ.